ಸಹಾಯ ಬೇಕು: ಲುವೋ ಲೆಕ್ಕ, ನಾಲಿಗೆ ಪರೀಕ್ಷೆ

ಚೀನಿ ವೈದ್ಯಪದ್ಧತಿ ಓದಿದವರು ಯಾರಾದರೂ ಇದ್ದೀರಾ? ಮುಖ್ಯ ಮೆರಿಡಿಯನ್ (ಮೈಯಲ್ಲಿ ಪ್ರಾಣಶಕ್ತಿ ಹರಿಯುತ್ತದೆ ಅನ್ನುವ ದಾರಿ) 12, ಅದು ಸರಿ. ಅವುಗಳ ಕವಲು, ಅಂದರೆ ಲುವೋ, 15 ಅಂತಾರೆ. ಒಂದೊಂದಕ್ಕೆ ಒಂದು, ಬೆನ್ನ ನಡುವಿನ ದು ಮೆರಿಡಿಯನ್‌ಗೆ ಒಂದು, ಹೊಟ್ಟೆ ನಡುವಿನ ರೆನ್ ಮೆರಿಡಿಯನ್‌ಗೆ ಒಂದು, ಕೊನೆಗೆ ಗುಲ್ಮದ (spleen) ದೊಡ್ಡ ಲುವೋ, ಅದರ ಬಿಂದು ದಾಬಾವ್. ಆದರೆ ಗುಲ್ಮಕ್ಕೆ ಪಾದದಲ್ಲಿ ಗೊಂಗ್‌ಸುನ್ ಅನ್ನುವ ಲುವೋ ಬಿಂದು ಆಗಲೇ ಇದೆಯಲ್ಲ, ಎರಡನೆಯದು ಯಾಕೆ?

ಆಮೇಲೆ ನಾಲಿಗೆ, ಅದರ ಯಾವ ಭಾಗ ಯಾವ ಅಂಗವನ್ನು ತೋರಿಸುತ್ತದೆ ಅನ್ನೋದು. ತುದಿ ಹೃದಯ, ಅಂಚು ಯಕೃತ್ತು, ನಡುವೆ ಗುಲ್ಮ ಮತ್ತು ಜಠರ, ಬುಡ ಮೂತ್ರಪಿಂಡ, ಇಷ್ಟು ಬಾಯಿಪಾಠ ಆಗಿದೆ. ಹಳದಿ ಲೇಪ ಇದ್ದರೆ ಉಷ್ಣ ಅನ್ನುತ್ತಾರೆ, ಆದರೆ ಕಾಫಿ ಕುಡಿದರೂ ಬಣ್ಣ ಕೂರುತ್ತದೆ, ಅಲ್ವಾ? ನಮ್ಮ ಜನ ಬೆಳಿಗ್ಗೆ ಎದ್ದವರೇ ನಾಲಿಗೆ ಉಜ್ಜಿಬಿಡುತ್ತಾರೆ, ನೋಡೋಕೆ ಲೇಪವೇ ಉಳಿದಿರುವುದಿಲ್ಲ! ನೀವು ಹೇಗೆ ನೋಡುತ್ತೀರಿ? ಅಂಚಲ್ಲಿ ಹಲ್ಲಿನ ಗುರುತೂ (ಗುಲ್ಮ ದುರ್ಬಲ ಅನ್ನುವ ಲಕ್ಷಣ) ಇದ್ದು ಲೇಪವೂ ಹಳದಿ ಇದ್ದರೆ ಯಾವುದಕ್ಕೆ ತೂಕ ಜಾಸ್ತಿ? ಸುಮ್ನೆ ಲಿಂಕ್ ಹಾಕಬೇಡಿ, ನಿಮ್ಮ ಅನುಭವ ಹೇಳಿ.