ಇಂಗು, ಬಸಿ: ಬಾವಿ ಕಡೆ ಹೋಗುವ ಹೊಲಸು ನೀರಿಗೆ ಯಾವ ಮಾತು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ. ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿ, ಲೋಕಾಪುರದ ಹತ್ತಿರ. ಊರಿನ ಶಾಲೆ ಗೋಡೆಯ ಮೇಲೆ ಕುಡಿಯುವ ನೀರಿನ ಬಗ್ಗೆ ಒಂದಿಷ್ಟು ಸಾಲು ಬರೆಸುತ್ತಿದ್ದೇವೆ. ಬಾವಿ, ಬೋರು ಎಲ್ಲಿ ತೆಗೆಸಬೇಕು, ಅದರಿಂದ ಯಾವುದು ಎಷ್ಟು ದೂರ ಇರಬೇಕು ಅನ್ನುವುದು ಅದರಲ್ಲಿ ಬರಬೇಕು. ಸಾಲು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡನೇ ಸಾಲಿಗೇ ನಿಂತುಬಿಟ್ಟಿದ್ದೇನೆ.

ಮೊದಲು ಬರೆದದ್ದು ಹೀಗೆ: ‘ಶೌಚಾಲಯದ ಗುಂಡಿಯ ನೀರು ಬಾವಿಯ ಹತ್ತಿರ ಇಂಗಬಾರದು.’ ಓದಿ ತೋರಿಸಿದಾಗ ಹಿರಿಯರೊಬ್ಬರು ಕೇಳಿದರು, ‘ನೀರು ಇಂಗಸ್ರಿ, ನೀರು ಇಂಗಸ್ರಿ ಅಂತ ಇಷ್ಟು ದಿನ ನೀವ ಹೇಳಿದ್ರಿ. ಈಗ ಇಂಗಬಾರ್ದು ಅಂತೀರಲ್ರೀ?’

ಅವರು ಕೇಳಿದ್ದು ಸರಿಯಾಗಿಯೇ ಇದೆ. ಮಳೆನೀರನ್ನು ನೆಲಕ್ಕೆ ಇಳಿಸುವ ಕೆಲಸ ಊರೂರಿಗೆ ಬಂದಮೇಲೆ ‘ಇಂಗು’ ಅನ್ನುವ ಮಾತಿಗೆ ಪುಣ್ಯದ ಬಣ್ಣ ಬಂದಿದೆ. ಇಂಗುಗುಂಡಿ ಅಂದರೆ ಒಳ್ಳೆಯದು. ಆದರೆ ಬಚ್ಚಲ ನೀರಿನ ಗುಂಡಿಗೂ ಅದೇ ಹೆಸರು, ಬೋರಿನ ಪಕ್ಕದ ಮಳೆನೀರಿನ ಗುಂಡಿಗೂ ಅದೇ ಹೆಸರು. ಒಂದನ್ನು ಬೋರಿನ ಬುಡದಲ್ಲೇ, ಜಲ್ಲಿ ಮರಳು ಹಾಕಿ ಮಾಡಿಸುತ್ತೇವೆ. ಇನ್ನೊಂದು ಬೋರಿನಿಂದ ದೂರ ಇರಲೇಬೇಕು. ಹೆಸರು ಒಂದೇ ಆದರೆ ಜನ ಹೇಗೆ ಬೇರೆ ಮಾಡಿಕೊಳ್ಳಬೇಕು?

ಇದು ಸುಮ್ನೆ ಪದದ ಮೇಲಿನ ಹಟ ಅಲ್ಲ. ನಮ್ಮ ವೈನಿಯ ಮನೆಯಲ್ಲಿ ಬಚ್ಚಲ ಗುಂಡಿಯನ್ನು ಬೋರಿನಿಂದ ಹನ್ನೆರಡು ಅಡಿಗೆ ತೆಗೆಸಿದರು. ಬೋರಿಗೆ ನೀರು ಜಾಸ್ತಿ ಆಗುತ್ತದೆ ಅಂತ ನಂಬಿ, ಖುಷಿಯಿಂದಲೇ ತೆಗೆಸಿದರು. ಆ ಮಳೆಗಾಲದಲ್ಲಿ ಮನೆಯ ಎರಡೂ ಮಕ್ಕಳಿಗೆ ವಾಂತಿ ಭೇದಿ ಆಯಿತು. ನೀರು ಪರೀಕ್ಷೆಗೆ ಕಳಿಸಿದರೆ ಕುಡಿಯಬಾರದು ಅಂತ ಬಂತು. ‘ಹೊಲಸ ನೀರು ಅಲ್ಲೇ ಇಂಗಿ ಹೋಗತೈತಿ ಅಂತ ತಿಳಿದಿದ್ವಿ’ ಅಂತ ವೈನಿ ಇವತ್ತಿಗೂ ಹೇಳುತ್ತಾರೆ.

‘ಇಂಗಿ ಹೋಗತೈತಿ’ ಅನ್ನುವುದೇ ನನ್ನನ್ನು ಕಾಡುತ್ತಿರುವ ಮಾತು. ಕೆರೆ ಇಂಗಿತು ಅಂದರೆ ಬತ್ತಿತು ಅಂತ. ನೀರಡಿಕೆ ಇಂಗಿತು ಅಂದರೆ ತೀರಿತು ಅಂತ. ಇಂಗಿದ್ದು ಇಲ್ಲವಾಯಿತು, ಅದರ ಕತೆ ಮುಗಿಯಿತು ಅನ್ನುವ ಭಾವ ಆ ಪದದೊಳಗೇ ಇದೆ. ನೀರು ಕಣ್ಣಿಗೆ ಕಾಣದಾಯಿತು ಅನ್ನುವಷ್ಟನ್ನೇ ಅದು ಹೇಳುತ್ತದೆ. ಎಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ.

ಅದಕ್ಕೇ ನನ್ನ ಮನಸ್ಸು ‘ಬಸಿ’ ಕಡೆ ಹೋಯಿತು. ಹೋಳಿಗೆ ಮಾಡುವ ದಿನ ಬ್ಯಾಳಿ ಬಸಿಯುತ್ತೇವೆ. ಬಸಿದ ನೀರನ್ನು ಯಾರೂ ಮರೆಯುವುದಿಲ್ಲ, ಅದೇ ಕಟ್ಟಿನ ಸಾರು ಆಗುತ್ತದೆ. ಒಂದು ಪಾತ್ರೆಯಿಂದ ಬಸಿದದ್ದು ಇನ್ನೊಂದು ಪಾತ್ರೆಯಲ್ಲಿ ಇದ್ದೇ ಇರುತ್ತದೆ. ‘ಗುಂಡಿಯ ನೀರು ಬಾವಿಗೆ ಬಸಿಯುತ್ತದೆ’ ಅಂದಾಗ ಅದೇ ಹಿರಿಯರು ಮರುಮಾತಿಲ್ಲದೆ ತಲೆ ಆಡಿಸಿದರು. ಜಿನುಗು, ಒಸರು ಕೂಡ ಇವೆ. ಆದರೆ ಅವು ಹೊರಗೆ ಬಂದು ಕಾಣುವ ನೀರಿಗೆ ಹೊಂದುತ್ತವೆ ಅನ್ನಿಸುತ್ತದೆ.

ತೊಡಕು ಇಲ್ಲೂ ಒಂದಿದೆ. ಮುಧೋಳ, ಜಮಖಂಡಿ ಕಡೆ ಸವಳು ಜವಳು ಹೊಲಗಳಲ್ಲಿ ಬಸಿಗಾಲುವೆ ತೆಗೆಯುತ್ತಾರೆ. ನಿಂತ ನೀರು ಅದರಲ್ಲಿ ಬಸಿದು ಹೋದರೆ ಹೊಲ ಮತ್ತೆ ಬೆಳೆ ಕೊಡುತ್ತದೆ. ಅಂದರೆ ರೈತನಿಗೆ ಬಸಿಯುವುದೂ ಒಳ್ಳೆಯ ಕೆಲಸವೇ. ಆದರೂ ಬಸಿದ ನೀರನ್ನು ಅವನು ಕುಡಿಯುವ ನೀರು ಅಂತ ತಿಳಿಯುವುದಿಲ್ಲ, ಅಲ್ವಾ?

ಇನ್ನು ದೂರದ ಮಾತು. ‘ಸುರಕ್ಷಿತ ಅಂತರ’ವನ್ನು ಹೊಡೆದುಹಾಕಿದ್ದೇನೆ. 2020ರಿಂದ ಈಚೆಗೆ ಅಂತರ ಅಂದರೆ ಜನರ ನಡುವೆ ಬಿಡುವ ಜಾಗ ಅಂತ ಆಗಿಬಿಟ್ಟಿದೆ. ಸಾಮಾನ್ಯವಾಗಿ ಹಿಡಿಯುವ ಲೆಕ್ಕ 30 ಮೀಟರ್. ಎರಡೂವರೆ ಅಡಿಯ ಹೆಜ್ಜೆಯಾದರೆ 40 ಹೆಜ್ಜೆ ಆಗುತ್ತದೆ. ಗೋಡೆಯ ಮೇಲೆ ‘ದೊಡ್ಡವರ 40 ಹೆಜ್ಜೆ’ ಅಂತಲೇ ಬರೆಸುತ್ತೇನೆ, ದೊಡ್ಡವರು ನಡೆದರೆ ಮಕ್ಕಳು ಎಣಿಸಬಹುದು. ಗುಂಡಿಯ ತಳ ನೆಲದೊಳಗಿನ ನೀರಿನ ಮಟ್ಟಕ್ಕಿಂತ ಒಂದೂವರೆ ಮೀಟರ್ ಆದರೂ ಮೇಲೆ ಇರಬೇಕು. ಒಂದು ತುಂಬಿದ ಮೇಲೆ ಇನ್ನೊಂದನ್ನು ಬಳಸುವ ಜೋಡಿ ಗುಂಡಿಯ ಶೌಚಾಲಯಕ್ಕೆ 10 ಮೀಟರ್ ಸಾಕು ಅನ್ನುವುದೂ ಇದೆ. ನುಣ್ಣನೆಯ ಮಣ್ಣಿದ್ದು, ನೀರು ಗುಂಡಿಯ ತಳಕ್ಕಿಂತ ಬಹಳ ಕೆಳಗಿದ್ದರೆ 3 ಮೀಟರಿಗೂ ಒಪ್ಪುತ್ತಾರೆ. ಮಣ್ಣು ಸೋಸುತ್ತದೆ ಅನ್ನುವ ಧೈರ್ಯ ಅದು. ನಮ್ಮಲ್ಲಿ ಗರಸಿನ ಕೆಳಗೆ ಸುಣ್ಣದ ಕಲ್ಲು ಇದೆ. ನೀರು ಹರಿದು ಹರಿದು ಆ ಕಲ್ಲು ಕರಗುತ್ತದೆ, ಸಂದು ದೊಡ್ಡದಾಗುತ್ತದೆ. ಅಂಥ ಸಂದಿಗೆ ಬಿದ್ದ ನೀರು ಸೋಸುವುದಿಲ್ಲ, ಓಡುತ್ತದೆ. ಆದ್ದರಿಂದ ‘ದೊಡ್ಡವರ 40 ಹೆಜ್ಜೆಗೆ ಕಡಿಮೆ ಬೇಡ, ಕಲ್ಲು ಇದ್ದಲ್ಲಿ ಇನ್ನೂ ದೂರ’ ಅಂತ ಬರೆದಿದ್ದೇನೆ. ತಿಪ್ಪಿ, ದನದ ಕೊಟ್ಟಿಗೆಯ ಗಂಜಲದ ತಗ್ಗು, ಗಟಾರ ಎಲ್ಲವನ್ನೂ ಇದೇ ಸಾಲಿಗೆ ಸೇರಿಸಿದ್ದೇನೆ. ಕಾಯಿಸಿ ಕುಡಿದರಾಯಿತು ಅನ್ನುವವರೂ ಇದ್ದಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ. ತಿಪ್ಪಿಯಿಂದ, ಗುಂಡಿಯಿಂದ ಬಂದ ನೈಟ್ರೇಟ್ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು.

‘ಬಾವಿಯ ಮೇಲ್ಭಾಗದಲ್ಲಿ ಗುಂಡಿ ಬೇಡ’ ಅಂತ ಬರೆದದ್ದೂ ಕೆಲಸಕ್ಕೆ ಬರಲಿಲ್ಲ. ಬಾವಿಯ ಬಾಯಿ ಮೇಲೆ ಅಂತ ಹುಡುಗರು ತಿಳಿದರು. ಈಗ ‘ಬಾವಿ ಏರಿನಲ್ಲಿ, ಗುಂಡಿ ಇಳಕಲಿನಲ್ಲಿ’ ಅಂತ ಮಾಡಿದ್ದೇನೆ. ಇಳಕಲು ಎಲ್ಲರಿಗೂ ತಿಳಿಯುವ ಮಾತು. ಆದರೆ ಮೋಟಾರು ಜೋರಾಗಿ ಎಳೆದರೆ ಇಳಕಲಿನ ನೀರೂ ಬಾವಿ ಕಡೆ ತಿರುಗಬಹುದು, ಅದಕ್ಕೆ 40 ಹೆಜ್ಜೆ ಆಗಲೂ ಬೇಕು.

ಈಶಾನ್ಯದ ಮಾತು ಬರೆಯದೆ ಬಿಟ್ಟರೆ ಆಗುವುದಿಲ್ಲ. ವಾಸ್ತು ನೋಡಿ ಬೋರನ್ನು ಈಶಾನ್ಯಕ್ಕೆ, ಗುಂಡಿಯನ್ನು ವಾಯವ್ಯಕ್ಕೆ ಇಡುವವರು ಬಹಳ. ಸಾಲುಮನೆಗಳಲ್ಲಿ ನನ್ನ ಈಶಾನ್ಯದ ಮೂಲೆ ಮೂಡಲ ಮನೆಯವರ ವಾಯವ್ಯದ ಮೂಲೆಗೆ ಅಂಟಿಕೊಂಡಿರುತ್ತದೆ. ನಡುವೆ ಇರುವುದು ಒಂದು ಗೋಡೆ. ಅದಕ್ಕೆ ‘ಪಕ್ಕದ ಮನೆಯ ಗುಂಡಿಯನ್ನೂ ಎಣಿಸಿ’ ಅಂತ ಒಂದು ಸಾಲು ಹಾಕಿದ್ದೇನೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ‘ಇಂಗುಗುಂಡಿ’ಯನ್ನು ಮಳೆನೀರಿಗಷ್ಟೇ ಇಟ್ಟುಕೊಂಡು, ಬಚ್ಚಲು, ಶೌಚಾಲಯದ ಗುಂಡಿಗೆ ‘ಬಸಿಗುಂಡಿ’ ಅಂದರೆ ನಿಮ್ಮ ಕಡೆ ತಿಳಿಯುತ್ತದೆಯೇ? ಅಥಣಿ, ಗೋಕಾಕ, ಇಂಡಿ, ಸಿಂದಗಿಯ ಕಡೆಯವರು ಬಚ್ಚಲ ಗುಂಡಿಗೆ ಮನೆಯಲ್ಲಿ ಏನೆನ್ನುತ್ತೀರಿ? ಎರೆ ನೆಲದವರ ಬಾಯಲ್ಲಿ ಬೇರೆಯೇ ಮಾತು ಇದ್ದರೆ ಅದನ್ನು ಮೊದಲು ಹೇಳಿ. ಬಣ್ಣ ಬರೆಯುವವರು ಮುಂದಿನ ಸೋಮವಾರ ಬರುತ್ತಾರೆ.