ಸ್ತನ ಕ್ಯಾನ್ಸರ್ ಅಪ್ಪನ ಕಡೆಯಿಂದ ಬರುತ್ತಾ? ಚೀನೀ ಮಹಿಳೆಯರ ಲೆಕ್ಕ ನಮಗೂ ಹೊಂದುತ್ತಾ?

ಬೆಟಗೇರಿಯ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು, ವಯಸ್ಸು 31. ಮೊದಲು ಮನೆಯಲ್ಲಿ ಕೈಮಗ್ಗ ಇತ್ತು, ಈಗ ಅಪ್ಪ ಕಿರಾಣಿ ಅಂಗಡಿ ನಡೆಸುತ್ತಾರೆ.

ಅಪ್ಪನ ಅವ್ವ 44ಕ್ಕೇ ಎದೆಯ ಗಡ್ಡೆಯಿಂದ ತೀರಿಕೊಂಡರು. ವರ್ಷವಾದರೂ ಯಾರಿಗೂ ಹೇಳಿರಲಿಲ್ಲವಂತೆ. ಕುಪ್ಪಸದೊಳಗೆ ಅರಿಶಿನದ ಅರಿವೆ ಇಟ್ಟುಕೊಂಡು ಮಗ್ಗದ ಮುಂದೆ ಕೂರುತ್ತಿದ್ದರಂತೆ. ಬಟ್ಟೆ ಒಗೆಯುವಾಗ ಆ ಹಳದಿ ಕಲೆ ನೋಡಿಯೇ ನನ್ನ ಸೋದರತ್ತೆಗೆ ಗೊತ್ತಾಗಿದ್ದು. ಈಗ ಅದೇ ಅತ್ತೆಗೂ ಬಂದಿದೆ. ಆಪರೇಷನ್ ಆಯಿತು, ಕಿಮೋ ಮುಗಿಯಿತು. ರಕ್ತ ಪರೀಕ್ಷೆಯಲ್ಲಿ ಬಿಆರ್‌ಸಿಎ2 ಜೀನ್‌ನಲ್ಲಿ ರೋಗ ತರುವ ಬದಲಾವಣೆ ಇದೆ ಅಂತ ಬಂದಿದೆ. ಆ ಕಾಗದಗಳನ್ನು ಇಳಕಲ್ ಸೀರೆಯ ಡಬ್ಬಿಯಲ್ಲಿ ಇಟ್ಟಿದ್ದರು. ಮೊನ್ನೆ ನನ್ನ ಕೈಗೆ ಕೊಟ್ಟು, "ನೀ ಓದಿದಾಕಿ, ನೋಡವಾ" ಅಂದರು.

ಕಾಕಾ ಹೇಳೋದೇ ಬೇರೆ. "ಹೆಣ್ಮಕ್ಕಳ ಬ್ಯಾನಿ ಅವ್ವನ ಕಡಿಂದ ಬರತೈತಿ, ಅಪ್ಪನ ಕಡಿಂದ ಅಲ್ಲ" ಅಂತಾರೆ. ಇದು ನಿಜವಾ? ಚೀನೀ ಮಹಿಳೆಯರಲ್ಲಿ ಬಿಆರ್‌ಸಿಎ1 ಅನ್ನೋ ಇನ್ನೊಂದು ಜೀನಿನ ದೋಷಕ್ಕಿಂತ ಬಿಆರ್‌ಸಿಎ2 ಜಾಸ್ತಿ ಅಂತ ಓದಿದೆ. ಅದು ನಮಗೂ ಹೊಂದುತ್ತಾ? ಇನ್ನೊಂದು ಚಿಂತೆ ತಂಗಿಯದು. ಅವಳಿಗೆ 24, ಹಾನಗಲ್ಲಿನ ಕಡೆ ಮಾತುಕತೆ ನಡೆದಿದೆ. ಪರೀಕ್ಷೆ ಅಂದರೆ ಸಂಬಂಧ ಮುರಿಯುತ್ತೆ ಅಂತ ಅವ್ವ ಅಳುತ್ತಾರೆ.

ಹಾವೇರಿ ಡಾಕ್ಟರ್

ತಂಗಿ, ನಿಮ್ಮ ಕಾಕಾ ಹೇಳಿದ್ದು ತಪ್ಪು. ಈ ಮಾತು ನಂಬಿ ಎಷ್ಟೋ ಮನೆಗಳಲ್ಲಿ ಅಪ್ಪನ ಕಡೆಯ ಕಥೆಯನ್ನು ಡಾಕ್ಟರಿಗೆ ಹೇಳುವುದೇ ಇಲ್ಲ.

ಬಿಆರ್‌ಸಿಎ1 ಇರುವುದು ಜೀನ್‌ಗಳನ್ನು ಹೊತ್ತ 17ನೇ ಕ್ರೋಮೋಸೋಮಿನಲ್ಲಿ, ಬಿಆರ್‌ಸಿಎ2 ಇರುವುದು 13ರಲ್ಲಿ. ಗಂಡಿಗೂ ಹೆಣ್ಣಿಗೂ ಎರಡೆರಡು ಪ್ರತಿ ಇರುತ್ತವೆ, ಅವ್ವನಿಂದ ಒಂದು, ಅಪ್ಪನಿಂದ ಒಂದು. ಮುರಿದ ಡಿಎನ್‌ಎಯನ್ನು ಜೋಡಿಸುವುದು ಇವುಗಳ ಕೆಲಸ. ಒಂದು ಪ್ರತಿ ಕೆಟ್ಟಿದ್ದರೆ ಅದು ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಪ್ರತಿ ಮಗುವಿಗೂ ಹೊಸದಾಗಿ. ಅದಕ್ಕೇ ಮೊದಲು ನಿಮ್ಮ ಅಪ್ಪನ ಪರೀಕ್ಷೆ ಆಗಲಿ. ಅವರಲ್ಲಿ ಇಲ್ಲದಿದ್ದರೆ ಅತ್ತೆಯ ಆ ದೋಷ ನಿಮ್ಮಿಬ್ಬರಿಗೂ ಬಂದಿರಲು ಸಾಧ್ಯವಿಲ್ಲ. ಇದ್ದರೆ ಅಪ್ಪನೂ ಎಚ್ಚರ ವಹಿಸಬೇಕು. ಬಿಆರ್‌ಸಿಎ2 ಜೀನ್ ಕೆಟ್ಟಿರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಭಯ ಜಾಸ್ತಿ, ಎದೆಯ ಕ್ಯಾನ್ಸರ್ ಕೂಡ ಬರಬಹುದು.

ನಾನು ಎಂಬಿಬಿಎಸ್ ಓದಿದ್ದು ಚೀನಾದಲ್ಲಿ, ಹಾಗಾಗಿ ಆ ಕಡೆಯ ಸಂಶೋಧನೆ ಗಮನಿಸುತ್ತಿರುತ್ತೇನೆ. ಸ್ತನ ಕ್ಯಾನ್ಸರ್ ಇದ್ದ 8,000ಕ್ಕೂ ಹೆಚ್ಚು ಚೀನೀ ಮಹಿಳೆಯರನ್ನು ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಬಂತು. 100ರಲ್ಲಿ ಸುಮಾರು 9 ಮಂದಿಗೆ ಯಾವುದೋ ಒಂದು ಜೀನಿನ ದೋಷ ಹುಟ್ಟಿನಿಂದಲೇ ಇತ್ತು. ಅದರಲ್ಲಿ ಬಿಆರ್‌ಸಿಎ2 ಸುಮಾರು 3.5, ಬಿಆರ್‌ಸಿಎ1 ಅದರ ಅರ್ಧದಷ್ಟು. ನೀವು ಓದಿದ್ದು ಸರಿ.

ಆದರೆ ಅದೇ ಲೆಕ್ಕವನ್ನು ನಿಮ್ಮ ಮನೆಗೆ ಹಚ್ಚಬೇಡಿ. ಒಂದೊಂದು ಜನಾಂಗದಲ್ಲಿ ಜೀನಿನ ಒಂದೊಂದು ತಪ್ಪು ತಲೆಮಾರಿನಿಂದ ಹರಿದು ಬಂದಿರುತ್ತೆ. ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಅಂಥವು ಮುಖ್ಯವಾಗಿ 3. ಚೀನೀಯರಲ್ಲಿ ಬಿಆರ್‌ಸಿಎ1ರ ಡಿಎನ್‌ಎಯಲ್ಲಿ 8 ಅಕ್ಷರ ಬಿಟ್ಟುಹೋದ ತಪ್ಪೊಂದು ಮತ್ತೆ ಮತ್ತೆ ಸಿಗುತ್ತದೆ. ನಿಮ್ಮ ಮನೆಯ ತಪ್ಪು ಯಾವುದು ಅನ್ನುವುದು ಅತ್ತೆಯ ಡಬ್ಬಿಯಲ್ಲೇ ಇದೆ. ಲ್ಯಾಬಿನವರು ಅಪ್ಪನ ರಕ್ತದಲ್ಲಿ ಆ ಒಂದು ಜಾಗ ನೋಡಿದರೆ ಸಾಕು. ಪೂರ್ತಿ ಜೀನ್ ಓದಿಸುವುದಕ್ಕಿಂತ ಖರ್ಚೂ ಕಡಿಮೆ.

ಕೆಲವರ ರಿಪೋರ್ಟಿನಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಅಂತ ಬರುತ್ತೆ. ಮಾಹಿತಿ ಹೆಚ್ಚಾಗಿ ಯುರೋಪಿಯನ್ನರಿಂದ ಸಂಗ್ರಹವಾಗಿದೆ, ಅದಕ್ಕೇ ಏಷ್ಯಾದವರಿಗೆ ಇದು ಜಾಸ್ತಿ. ಅಂಥದ್ದನ್ನು ನೋಡಿ ಹೆದರಿ ಆಪರೇಷನ್ನಿಗೆ ಹೋಗಬಾರದು. ನಿಮ್ಮ ಅತ್ತೆಯದು ಹಾಗಲ್ಲ, ಖಚಿತವಾಗಿ ರೋಗ ತರುವಂಥದ್ದು.

ನವನಗರದ ಅಕ್ಕ

ಹುಬ್ಬಳ್ಳಿ ನವನಗರದಲ್ಲಿರುತ್ತೇನೆ. ನನಗೂ ಎಡಗಡೆಯ ಎದೆ ತೆಗೆದಿದ್ದಾರೆ, ಬಿಆರ್‌ಸಿಎ2ವೇ. ನಿನ್ನ ಅವ್ವನ ಅಳು ನನಗೆ ಅರ್ಥವಾಗುತ್ತೆ ತಂಗಿ. ನನ್ನ ಮಗಳ ಮಾತುಕತೆ ನಡೆದಾಗ ಒಂದು ತಿಂಗಳು ಮುಚ್ಚಿಟ್ಟೆ. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊನೆಗೆ ಬೀಗರನ್ನು ಮನೆಗೆ ಕರೆದು, ಚಹಾ ಕೊಟ್ಟು, ನಾನೇ ಹೇಳಿದೆ. ಬೀಗತಿ ಬಹಳ ಹೊತ್ತು ಬಸಿ ಹಿಡಿದುಕೊಂಡೇ ಕೂತರು. ಆಮೇಲೆ "ನಮ್ಮವ್ವನೂ ಇದರಾಗ ಹೋದಳ್ರೀ" ಅಂದರು. ಮದುವೆ ಆಯಿತು.

ಎಲ್ಲರೂ ಹಾಗಿರುತ್ತಾರೆ ಅಂತ ನಾನು ಹೇಳಲಾರೆ. ಆದರೆ ಪರೀಕ್ಷೆ ಮಾಡಿಸಬೇಕಾ ಬೇಡವಾ ಅನ್ನೋದು ನಿನ್ನ ತಂಗಿಯ ತೀರ್ಮಾನ. ಕಾಕಾನದೂ ಅಲ್ಲ, ಹಾನಗಲ್ಲಿನವರದೂ ಅಲ್ಲ. ದೋಷ ಬಂದಿದ್ದರೆ 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಮ್ಯಾಮೋಗ್ರಾಮ್ (ಎದೆಯ ಎಕ್ಸ್‌ರೇ) ಕೂಡ. ಈ ದೋಷದಿಂದ ಅಂಡಾಶಯಕ್ಕೂ ಕ್ಯಾನ್ಸರ್ ಬರಬಹುದು, ಆದರೆ ಅದನ್ನು ತೆಗೆಸುವ ಮಾತು ಮಕ್ಕಳಾದ ಮೇಲೆ, 40 ದಾಟಿದಾಗ. ನನ್ನ ಮಗಳು ಹೀಗೇ ತೋರಿಸಿಕೊಳ್ಳುತ್ತಿದ್ದಾಳೆ. ಎರಡು ವರ್ಷದ ಮಗ ಇದ್ದಾನೆ.

ಬೆಟಗೇರಿಯ ಮಗಳು

ಡಾಕ್ಟ್ರೇ, ಅಕ್ಕಾ, ನೀವು ಬರೆದಿದ್ದನ್ನು ಅಂಗಡಿಯಲ್ಲೇ ಅಪ್ಪನಿಗೆ ಓದಿ ಹೇಳಿದೆ. ತಕ್ಕಡಿಯಲ್ಲಿ ಬೆಲ್ಲ ಇಟ್ಟಿದ್ದರು, ಹಾಗೇ ನಿಂತರು. "ನಮ್ಮವ್ವಗ ಯಾರೂ ಕೇಳಲಿಲ್ಲ. ಮೊದಲು ನನ್ನ ರಕ್ತ ತಗೀಲಿ" ಅಂದರು. ಸೋಮವಾರ ಹುಬ್ಬಳ್ಳಿಗೆ ಹೋಗುತ್ತೇವೆ, ಅತ್ತೆಯೂ ಬರುತ್ತಾರೆ. ಅಪ್ಪ ಖಾಲಿ ಹೊಟ್ಟೆಯಲ್ಲಿ ಇರಬೇಕಾ?

ಹಾವೇರಿ ಡಾಕ್ಟರ್

ಬೇಡ, ಉಂಡೇ ಹೋಗಲಿ. ಅತ್ತೆಯ ರಿಪೋರ್ಟಿನ ಎಲ್ಲಾ ಹಾಳೆಗಳನ್ನೂ ಒಯ್ಯಿರಿ, ಬರೀ ಮೊದಲಿನದಲ್ಲ. ರಕ್ತ ಕೊಡುವ ಮೊದಲು ಜೆನೆಟಿಕ್ ಕೌನ್ಸೆಲಿಂಗ್ (ಜೀನ್ ಪರೀಕ್ಷೆಯ ಅರ್ಥ ವಿವರಿಸಿ ಸಲಹೆ ಕೊಡುವುದು) ಮಾಡುವವರು ಯಾರಿದ್ದಾರೆ ಅಂತ ಅತ್ತೆಯ ಡಾಕ್ಟರನ್ನೇ ಕೇಳಿ. ಫಲಿತಾಂಶ ಬಂದ ದಿನ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.