‘ನ್ಯಾಯ’ ಎಂದರೆ ಜಗಳವೂ ಹೌದಲ್ವಾ?

ಎಲ್ಲರಿಗೂ ನಮಸ್ಕಾರ.

2023ರ ಮೀಡಿಯೇಷನ್ ಕಾಯ್ದೆಯಲ್ಲಿ ‘ಕಮ್ಯುನಿಟಿ ಮೀಡಿಯೇಷನ್’ (ಊರು ಕೇರಿಯ ಜಗಳವನ್ನು ನಡುವೆ ಕೂತು ಮಾತಾಡಿಸಿ ಬಗೆಹರಿಸುವುದು) ಎಂಬ ಭಾಗವೊಂದಿದೆ. ಅದನ್ನು ಹಳ್ಳಿಯವರು ಓದುವ ಹಾಗೆ ಎರಡು ಪುಟದಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ. ‘ಡಿಸ್‌ಪ್ಯೂಟ್’ ಎಂಬಲ್ಲೇ ಕೈ ನಿಂತಿದೆ. ‘ವಿವಾದ’ ಪತ್ರಿಕೆಯ ಮಾತಾಯಿತು. ‘ವ್ಯಾಜ್ಯ’ ಅಂದ ಕೂಡಲೇ ಕೋರ್ಟು ಕಣ್ಣಮುಂದೆ ಬರುತ್ತದೆ. ‘ತಕರಾರು’ ಪರವಾಗಿಲ್ಲ, ಆದರೆ ಅದರಲ್ಲಿ ಒಬ್ಬರ ಆಕ್ಷೇಪದ ಧ್ವನಿಯೇ ಜಾಸ್ತಿ.

ಆಗ ನೆನಪಾದದ್ದು ‘ನ್ಯಾಯ’. ಉತ್ತರ ಕರ್ನಾಟಕದ ಕಡೆ “ಯಾಕ ನ್ಯಾಯ ಮಾಡ್ತೀರಿ?” ಅಂದರೆ ಯಾಕೆ ಜಗಳ ಆಡುತ್ತೀರಿ ಎಂದೇ ಅರ್ಥ. ಹೊಲದ ಬದುವಿಗಾಗಿ ಅಣ್ಣ ತಮ್ಮ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಹಿರಿಯರೊಬ್ಬರು ನಡುವೆ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನಿಮ್ಮ ನ್ಯಾಯ ಇಲ್ಲಿ ಬ್ಯಾಡ್ರಪಾ, ದೈವದಾಗ ಬಗೀಹರೀಲಿ.” ಈ ಒಂದೇ ಮಾತಿನಲ್ಲಿ ಎರಡು ಪದಗಳು ನಾವು ಶಾಲೆಯಲ್ಲಿ ಕಲಿತ ಅರ್ಥವನ್ನು ಬಿಟ್ಟಿವೆ. ನ್ಯಾಯ ಇಲ್ಲಿ ಜಗಳ. ದೈವ ಇಲ್ಲಿ ದೇವರಲ್ಲ, ಕೂಡಿದ ಜನ. ‘ದೈವ ಮಂಡಳಿ’ ಎಂಬ ಹೆಸರಿನಲ್ಲಿರುವುದೂ ಇದೇ ದೈವ. ಊರಿನ ಹತ್ತು ಜನ ಸೇರಿ ಕೂತರೆ ಅವರನ್ನೇ ದೈವ ಅನ್ನುವ ಈ ಬಳಕೆ ನನಗೆ ತುಂಬಾ ಇಷ್ಟ.

ಸಂಸ್ಕೃತದಲ್ಲಿ ‘ನ್ಯಾಯ’ಕ್ಕೆ ಕ್ರಮ, ನಿಯಮ, ತರ್ಕ ಎಂಬ ಅರ್ಥಗಳಿವೆ. ಅದು ಜಗಳದವರೆಗೆ ಬಂದದ್ದು ಹೇಗೆ? ದಾರಿ ನಮ್ಮ ಮಾತಿನಲ್ಲೇ ಇದೆ ಅನಿಸುತ್ತದೆ. ‘ನ್ಯಾಯ ಕೇಳು’ ಅನ್ನುವಾಗ ಅದು ಸಿಗಬೇಕಾದದ್ದು. ‘ನ್ಯಾಯ ಸೇರಿಸು’ ಅನ್ನುವಾಗ ಅದು ಸಭೆ. ‘ನ್ಯಾಯ ಬಗೆಹರಿಸು’ ಅನ್ನುವ ಹೊತ್ತಿಗೆ ಅದು ಸಭೆಯ ಮುಂದಿಟ್ಟ ಜಗಳವೇ ಆಗಿದೆ. ‘ಪಂಚಾಯ್ತಿ’ಯೂ ಇದೇ ದಾರಿ ಹಿಡಿದಿದೆ ನೋಡಿ. ಐದು ಜನರ ಕೂಟದ ಹೆಸರು ಈಗ “ನಮಗ್ಯಾಕೆ ಆ ಪಂಚಾಯ್ತಿ?” ಅನ್ನುವಾಗ ಬರೀ ತಲೆನೋವು. ಇದು ನನ್ನ ಊಹೆ. ಬೇರೆ ವಿವರಣೆ ಇದ್ದರೆ ದಯವಿಟ್ಟು ತಿದ್ದಿ.

ಇನ್ನೊಂದು ತೊಡಕು ‘ಮಧ್ಯಸ್ಥಿಕೆ’ಯದು. ಮೀಡಿಯೇಷನ್‌ಗೂ ಅದೇ, ಆರ್ಬಿಟ್ರೇಷನ್‌ಗೂ ಅದೇ ಎಂದು ಬರೆಯುವುದನ್ನು ನೋಡುತ್ತಿದ್ದೇವೆ. ಇದು ಸಣ್ಣ ವಿಷಯವಲ್ಲ. ಆರ್ಬಿಟ್ರೇಷನ್‌ನಲ್ಲಿ ನಡುವೆ ಕೂತವರು ತೀರ್ಪು ಕೊಡುತ್ತಾರೆ, ಅದಕ್ಕೆ ತಲೆಬಾಗಬೇಕು. ಕಮ್ಯುನಿಟಿ ಮೀಡಿಯೇಷನ್‌ನಲ್ಲಿ ಹಾಗಿಲ್ಲ. ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು. ಮೂವರು ಕೂತು ಮಾತಾಡಿಸುತ್ತಾರೆ. ಒಪ್ಪಂದವಾದರೂ ಅದಕ್ಕೆ ಕೋರ್ಟಿನ ಡಿಕ್ರಿಯ ಬಲವಿಲ್ಲ. ಒಂದೇ ಪದ ಬಳಸಿದರೆ, ಒಪ್ಪದಿರುವ ಹಕ್ಕು ತನಗಿದೆ ಎಂಬುದೇ ಬಡವನಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ಮೀಡಿಯೇಟರ್‌ಗಳಿಗೆ, ಅಂದರೆ ಹೀಗೆ ಕೂತು ಮಾತಾಡಿಸುವವರಿಗೆ, ‘ನ್ಯಾಯ ಹೇಳುವವರು’ ಎಂಬ ಪದ ಹೊಂದುವುದಿಲ್ಲ, ಅವರು ಏನನ್ನೂ ವಿಧಿಸುವುದಿಲ್ಲವಲ್ಲ. ‘ಪಂಚರು’ ಎಂದರೆ ಪೊಲೀಸರ ಪಂಚನಾಮೆಗೆ ಸಹಿ ಹಾಕುವವರು ನೆನಪಾಗುತ್ತಾರೆ. ಸದ್ಯಕ್ಕೆ ‘ರಾಜಿ ಮಾಡಿಸುವವರು’ ಎಂದು ಬರೆದುಕೊಂಡಿದ್ದೇನೆ. ಅರಬ್ಬಿ ಮೂಲದಲ್ಲಿ ರಾಜಿ ಎಂದರೆ ಒಪ್ಪಿದವನು, ಸಮಾಧಾನಗೊಂಡವನು. ಅರ್ಥ ಸರಿಯಾಗಿ ಕೂರುತ್ತದೆ. ಆದರೆ “ತತ್ವದಲ್ಲಿ ರಾಜಿ ಇಲ್ಲ” ಅಂತೆಲ್ಲ ಹೇಳಿ ಹೇಳಿ ಆ ಪದಕ್ಕೆ ಸೋಲಿನ ವಾಸನೆ ಅಂಟಿಕೊಂಡಿದೆ.

ನಿಮ್ಮಲ್ಲಿ ಕೇಳಬೇಕಾದದ್ದು ಇಷ್ಟು. ಹಳೇ ಮೈಸೂರು, ಮಲೆನಾಡು, ಕರಾವಳಿ ಕಡೆ ಬರೀ ‘ನ್ಯಾಯ’ ಎಂದು ಜಗಳಕ್ಕೆ ಹೇಳುತ್ತಾರಾ, ಅಥವಾ ‘ಬಗೆಹರಿಸು’ ಜೊತೆಯಲ್ಲಿ ಮಾತ್ರವೋ? ತೀರ್ಪು ಕೊಡದೆ ಬರೀ ಮಾತಾಡಿಸಿ ಒಂದು ಮಾಡುವವರಿಗೆ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಿದ್ದರು? ನಿಮಗೆ ನೆನಪಿರುವ ವಾಕ್ಯವನ್ನು ಅವರು ಆಡಿದ ಹಾಗೆಯೇ, ಯಾವ ಕಡೆಯ ಮಾತು ಎಂದು ಸೇರಿಸಿ ಬರೆಯಿರಿ.